ಆಚೆ ದ್ವೀಪದ ಮಗ್ಗ

ದೇವನಹಳ್ಳಿ

ದೊಡ್ಡಬಳ್ಳಾಪುರದ ನಮ್ಮ ಮನೆಯ ತಾರಸಿಯಲ್ಲಿ ಸಂಡಿಗೆ ಒಣಹಾಕಿ ಕಾಗೆ ಕಾಯುತ್ತ ಕೂತರೆ, ದೇವನಹಳ್ಳಿಗೆ ಇಳಿಯುವ ವಿಮಾನಗಳು ಕಾಣುತ್ತವೆ. ಕಾಗೆಗೆ ಕೊಟ್ಟಷ್ಟು ಗಮನವನ್ನೂ ನಾನು ಅವಕ್ಕೆ ಕೊಟ್ಟವಳಲ್ಲ. ಅವುಗಳ ಹೊಟ್ಟೆಯಲ್ಲಿ ಕೂತು ನಾನೂ ಒಂದು ದಿನ ಸಮುದ್ರ ದಾಟುತ್ತೇನೆ, ಅದೂ ಮಾಲ್ಡೀವ್ಸ್ ಎಂಬ ಮರಳಚುಕ್ಕೆಗಳ ದೇಶಕ್ಕೆ ಎಂದು ಯಾರಾದರೂ ಹೇಳಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ.

ಹೋದದ್ದು ಮೋಜಿಗಲ್ಲ, ನಮ್ಮ ಯಜಮಾನರಿಗಾಗಿ. ನಮ್ಮ ಮನೆಯ ಕೆಳಗಡೆ ನಾಲ್ಕು ಪವರ್‌ಲೂಮ್ ಮಗ್ಗಗಳಿದ್ದವು. ಮದುವೆಯಾಗಿ ಬಂದಾಗಿನಿಂದ ಆ ಸದ್ದಿನ ಮೇಲೇ ನನ್ನ ಸಂಸಾರ. ಕುಕ್ಕರಿನ ಸೀಟಿ ಕೇಳಿಸದೆ ಎಷ್ಟು ಸಲ ಬೇಳೆ ಹೊತ್ತಿಸಿದ್ದೇನೋ. ಮಾತಾಡುವುದೆಂದರೆ ಕೂಗುವುದು ಎಂದೇ ನನ್ನ ಮಗಳು ತಿಳಿದಿದ್ದಳು. ಆ ಸದ್ದು ನಿಧಾನವಾಗಿ ಇವರ ಕಿವಿ ತಿಂದುಹಾಕಿತು. ಎಡಗಿವಿ ಪೂರ್ತಿ ಹೋಯಿತು, ಬಲಗಿವಿಯಲ್ಲಿ ಅರ್ಧ ಉಳಿಯಿತು. ಇನ್ನು ಮಗ್ಗದ ಹತ್ತಿರ ಹೋದರೆ ಅದೂ ಹೋಗುತ್ತದೆ ಎಂದು ಡಾಕ್ಟರು ಹೇಳಿದ ಮೇಲೆ ನಾಲ್ಕನ್ನೂ ಮಾರಿದೆವು.

ಮಾರಿದ ದಿನದಿಂದ ಇವರು ಜಗಲಿಯ ಮೇಲೆ ಕೂತರು. ಪೇಪರ್ ಓದುವುದಿಲ್ಲ, ಟೀವಿ ನೋಡುವುದಿಲ್ಲ. ತೊಡೆಯ ಮೇಲೆ ಕೈ ಇಟ್ಟುಕೊಂಡು ಸುಮ್ಮನೆ ಕೂರುವುದು. ಹೆಬ್ಬೆರಳು ತೋರುಬೆರಳು ಮಾತ್ರ ಆಗಾಗ ಒಂದನ್ನೊಂದು ಉಜ್ಜುತ್ತಿದ್ದವು, ಕಿತ್ತುಹೋದ ಎಳೆಗೆ ಗಂಟು ಹಾಕುವ ಹಾಗೆ. ಊಟಕ್ಕೆ ಕರೆದರೆ ಬರುತ್ತಿದ್ದರು, ಕರೆಯದಿದ್ದರೆ ಇಲ್ಲ. ನೆಲಮಂಗಲದ ಗೋಡೌನೊಂದರ ಆಫೀಸಿನಲ್ಲಿ ಕೆಲಸ ಮಾಡುವ ನನ್ನ ಮಗಳು ಸವಿತ ಒಂದು ಭಾನುವಾರ ಬಂದವಳು ಅವರನ್ನೇ ನೋಡುತ್ತ ನಿಂತು, "ಹಿಂಗೇ ಬಿಟ್ರೆ ಅಪ್ಪ ಕಲ್ಲಾಗ್ಬಿಡ್ತಾರೆ ಕಣಮ್ಮಾ. ಎಲ್ಲಾದ್ರೂ ದೂರ ಕರ್ಕೊಂಡು ಹೋಗು," ಎಂದಳು. ಮೊಬೈಲಿನಲ್ಲಿ ನೀಲಿ ನೀರಿನ ಚಿತ್ರ ನೋಡಿ ಟಿಕೆಟ್ಟು, ರೂಮು ಎಲ್ಲ ಅವಳೇ ಮಾಡಿದಳು. ಮಗ್ಗ ಮಾರುವ ಮುಂಚೆ ನನ್ನ ಜೊತೆ ಇದ್ದ ಮನುಷ್ಯ ವಾಪಸ್ಸು ಸಿಕ್ಕರೆ ಸಾಕು ಎಂದು ನಾನು ಹೊರಟೆ.

ಆ ದೇಶದಲ್ಲಿ ದೇವರ ವಿಗ್ರಹ ಒಳಗೆ ಬಿಡುವುದಿಲ್ಲ ಎಂದು ಎದುರುಮನೆಯವರು ಹೆದರಿಸಿದ್ದರಿಂದ ಪರ್ಸಿನಲ್ಲಿದ್ದ ಪುಟ್ಟ ಗಣಪನನ್ನು ತೆಗೆದು ಅಕ್ಕಿ ಡಬ್ಬಿಯಲ್ಲಿಟ್ಟು ಬಂದಿದ್ದೆ. ಅಲ್ಲಿ ಇಳಿದಾಗ ಕಸ್ಟಮ್ಸ್ ಅಧಿಕಾರಿ ನನ್ನ ಬ್ಯಾಗಿನಲ್ಲಿ ಹುಡುಕಿ ಹುಡುಕಿ ಕೊನೆಗೆ ಹುರಳಿ ಚಟ್ನಿಪುಡಿಯ ಡಬ್ಬಿ ತೆರೆದು ಮೂಸಿ, ಮೂರು ಸಲ ಸೀನಿ, ಕೈ ಬೀಸಿ ಕಳಿಸಿಬಿಟ್ಟ. ನಾನು ನಗು ತಡೆದುಕೊಂಡು ಇವರ ಮುಖ ನೋಡಿದೆ. ಇವರು ಎಲ್ಲೋ ನೋಡುತ್ತಿದ್ದರು.

ಜೆಟ್ಟಿ

ಸ್ಪೀಡ್ ಬೋಟು ನಮ್ಮನ್ನು ಇಳಿಸಿದ ದ್ವೀಪ ಎಷ್ಟು ಸಣ್ಣದೆಂದರೆ, ಒಲೆಯ ಮೇಲೆ ಬೇಳೆ ಇಟ್ಟು ಹೊರಟರೆ ಅದು ಬೇಯುವಷ್ಟರಲ್ಲಿ ಇಡೀ ಊರು ಸುತ್ತಿ ಬರಬಹುದು. ನಾವು ಉಳಿದುಕೊಂಡ ಮನೆ ಹಸನ್ ಎಂಬ ಮೂವತ್ತರ ಆಸುಪಾಸಿನ ದೋಣಿಗಾರನದು. ಅವನ ತಾಯಿಗೆ ಎಪ್ಪತ್ತರ ಹತ್ತಿರ. ಅಲ್ಲಿ ಅಕ್ಕನಿಗೆ ದತ್ತಾ ಎನ್ನುತ್ತಾರಂತೆ, ನಾನೂ ಹಾಗೇ ಕರೆದೆ. ದತ್ತಾ ಮಂಡಿ ಆಪರೇಷನ್ನಿಗೆಂದು ಬೆಂಗಳೂರಿಗೆ ಬಂದು ಕೆಲವು ತಿಂಗಳು ಇದ್ದವಳು. ಬಾಗಿಲಲ್ಲೇ "ಊಟ ಆಯ್ತಾ?" ಎಂದು ಕೇಳಿ ನನ್ನನ್ನು ಬೆಚ್ಚಿಬೀಳಿಸಿದಳು. ಅದೊಂದು ಮತ್ತು "ಸಾಕು" ಎಂಬುದು, ಅಷ್ಟೇ ಅವಳ ಕನ್ನಡ. ಉಳಿದ ಮಾತೆಲ್ಲ ಆಸ್ಪತ್ರೆಯಲ್ಲಿ ಅವಳೂ ಮಗನೂ ಕಲಿತ ಹಿಂದಿಯಲ್ಲಿ, ನಮ್ಮ ಬೀದಿಯಲ್ಲಿ ಕಲಿತ ನನ್ನ ಉರ್ದುವಿನಲ್ಲಿ.

ಮೊದಲ ಎರಡು ದಿನ ನನಗೆ ಆ ಊರು ತುಂಬ ಹಿಡಿಸಿತು. ಬೆಳಗ್ಗೆ ಹೆಂಗಸರೆಲ್ಲ ಕಡ್ಡಿಪೊರಕೆ ಹಿಡಿದು ಮರಳಿನ ಬೀದಿ ಗುಡಿಸುತ್ತಾರೆ. ನೀರು ಹಾಕಿ ರಂಗೋಲಿ ಇಡುವುದೊಂದು ಬಾಕಿ, ಉಳಿದದ್ದೆಲ್ಲ ನಮ್ಮ ಹಾಗೇ. ತಿಂಡಿಗೆ ಚಪಾತಿಯಂಥ ರೋಶಿ, ಜೊತೆಗೆ ತೆಂಗಿನ ತುರಿ, ಈರುಳ್ಳಿ, ಮೀನು ಕಲಸಿದ ಪಲ್ಯ. ಸೋಮವಾರ ಮೀನು ಬೇಡವೆಂದಾಗ ದತ್ತಾ ನನಗೆ ಜ್ವರವೇ ಎಂದು ಹಣೆ ಮುಟ್ಟಿ ನೋಡಿದಳು. ಅಂಗಳದಲ್ಲಿ ಹಗ್ಗದ ಬಲೆ ಹೆಣೆದ ಕಬ್ಬಿಣದ ಕುರ್ಚಿಗಳು, ಮರದಿಂದ ತೂಗುಬಿಟ್ಟ ಉಯ್ಯಾಲೆ ಮಂಚ. ದೋಣಿಗೆ ಅವರೂ ದೋಣಿ ಎಂದೇ ಹೇಳುವುದು.

ಆದರೆ ಒಂದೊಂದೇ ವಿಷಯ ಕಣ್ಣಿಗೆ ಬೀಳತೊಡಗಿತು. ಆ ಊರಿನಲ್ಲಿ ನಾಯಿ ಬೊಗಳುವುದಿಲ್ಲ. ನಾಯಿಯೇ ಇಲ್ಲವಂತೆ. ಗಾಳಿ ನಿಂತಾಗ ಕಿವಿಯೊಳಗೆ ಹತ್ತಿ ತುರುಕಿದ ಹಾಗಾಗುತ್ತಿತ್ತು. ಮಗ್ಗದ ಮನೆಯಲ್ಲಿ ಬಾಳಿದವಳಿಗೆ ಆ ಬಗೆಯ ಮೌನ ರೂಢಿಯಿಲ್ಲ.

ಇನ್ನೊಂದು, ಅಲ್ಲಿ ಕೈ ಖಾಲಿ ಇಟ್ಟುಕೊಂಡು ಕೂತ ಒಬ್ಬರನ್ನೂ ನಾನು ನೋಡಲಿಲ್ಲ. ಬಲೆಕುರ್ಚಿಯಲ್ಲಿ ಒರಗಿ ಹರಟುವ ಮುದುಕರ ಕೈಯಲ್ಲೂ ಹೊಸೆಯುವ ಹುರಿ. ಅಂಗಡಿಯವನು ಗಿರಾಕಿಯಿಲ್ಲದ ಹೊತ್ತಿನಲ್ಲಿ ತೂಕದ ಬಟ್ಟು ಉಜ್ಜುತ್ತಿದ್ದ. ನಮ್ಮೂರಿನ ಅರಳಿಕಟ್ಟೆಯ ಗಂಡಸರನ್ನು ಇಲ್ಲಿ ತಂದು ಒಂದು ವಾರ ಬಿಡಬೇಕು ಎಂದುಕೊಂಡೆ. ಮಧ್ಯಾಹ್ನವಂತೂ ಊರೆಲ್ಲ ಬಾಗಿಲು ಮುಂದೆ ಮಾಡಿಕೊಳ್ಳುತ್ತಿತ್ತು. ಮಲಗಿದ್ದಾರೆ ಎಂದುಕೊಂಡರೆ ಇಲ್ಲ. ಒಂದೊಂದು ಮನೆಯಿಂದ ಒಂದೊಂದು ಸದ್ದು: ಒಂದು ಕಡೆ ಕಾಯಿ ತುರಿಯುವುದು, ಒಂದು ಕಡೆ ಕುಟ್ಟುವುದು, ಇನ್ನೊಂದು ಕಡೆ ಪಾತ್ರೆ ಉಜ್ಜುವುದು. ನಮ್ಮ ದತ್ತಾ ಹಿತ್ತಲಲ್ಲಿ ಒಂದು ಚಪ್ಪಡಿ ಕಲ್ಲಿನ ಮುಂದೆ ಕೂತು ಮರದ ಕೊಡತಿಯಿಂದ ಹೊಡೆಯುತ್ತಿದ್ದಳು. ನೀರು ಕುಡಿಯಲು ಎದ್ದವಳು ಇಣುಕಿ ನೋಡಿದೆ. ಕಲ್ಲಿನ ಮೇಲೆ ಏನೂ ಇರಲಿಲ್ಲ. ಬರೀ ಕಲ್ಲನ್ನು ಹೊಡೆಯುತ್ತಿದ್ದಳು.

ಮರಳು

ಬೆಳಗ್ಗೆ ಸಂಜೆ ನಾವಿಬ್ಬರೂ ಕಡಲಂಚಿನಲ್ಲಿ ನಡೆಯುತ್ತಿದ್ದೆವು. ಇವರು ಮುಂದೆ, ನಾನು ನಾಲ್ಕು ಹೆಜ್ಜೆ ಹಿಂದೆ, ಊರಿನಲ್ಲಿ ಸಂತೆಗೆ ಹೋಗುವ ಹಾಗೆ. ಮರಳು ಎಷ್ಟು ಬೆಳ್ಳಗೆಂದರೆ ಮೈದಾ ಹಿಟ್ಟಿನ ಮೇಲೆ ಕಾಲಿಟ್ಟಂತೆ. ಸಣ್ಣ ಏಡಿಗಳು ನಮ್ಮನ್ನು ಕಂಡು ತೂತಿನೊಳಗೆ ಇಳಿಯುತ್ತಿದ್ದವು. ನೀರಿನಲ್ಲಿ ಒಂದು ಬೂದು ಕೊಕ್ಕರೆ ಒಂಟಿಕಾಲಲ್ಲಿ ನಿಂತಿರುತ್ತಿತ್ತು. ನಾವು ಹತ್ತಿರ ಹೋದರೂ ಕದಲುತ್ತಿರಲಿಲ್ಲ. ಅದರ ಮುಖ ಯಾವಾಗಲೂ ಒಂದೇ ಕಡೆಗೆ, ಎದುರಿನ ದ್ವೀಪದ ಕಡೆಗೆ.

ಆ ಎದುರಿನ ದ್ವೀಪ ಬರೀ ತೆಂಗಿನ ತೋಪು. ಮನೆಯಿಲ್ಲ, ಮಸೀದಿಯಿಲ್ಲ. ನಡುವೆ ಇರುವ ನೀರು ಇಳಿತದ ಹೊತ್ತಿನಲ್ಲಿ ಮೊಣಕಾಲಿಗೆ ಬರುತ್ತದೆ, ನಡೆದೇ ದಾಟಬಹುದು. ಏರುವಾಗ ಮಾತ್ರ ಸೆಳೆತ ಜೋರು ಎಂದು ಹಸನ್ ಮೊದಲ ದಿನವೇ ಹೇಳಿದ್ದ. ಅಷ್ಟು ಹತ್ತಿರದಲ್ಲಿ ಅಷ್ಟು ತೆಂಗಿದ್ದರೂ ಆ ಊರಿನವರು ಕಾಯಿಯನ್ನು ದೂರದ ಬೇರೆ ದ್ವೀಪದಿಂದ ತರಿಸುತ್ತಿದ್ದರು.

ಮೂರನೆಯ ದಿನದ ನಡಿಗೆಯಲ್ಲಿ ಇವರು ಥಟ್ಟನೆ ನಿಂತರು. ತಲೆ ಓರೆ ಮಾಡಿದರು. ಸುಮಾರು ತಿಂಗಳುಗಳ ಮೇಲೆ ತಾವಾಗಿ ಬಾಯಿ ಬಿಟ್ಟು, "ಯಾರೋ ಮಗ್ಗ ಓಡುಸ್ತಾವ್ರೆ ಕಣೆ," ಎಂದರು.

ನನಗೆ ಅಲೆಯ ಸದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲ. ಇಲ್ಲಿ ಎಲ್ಲಿಯ ಮಗ್ಗ ಎಂದೆ. ಅವರು ಎದುರಿನ ತೋಪಿನ ಕಡೆ ಕೈ ತೋರಿಸಿದರು. ಡಾಕ್ಟರು ಹೇಳಿದ್ದು ನೆನಪಾಯಿತು. ಕಿವಿ ಹೋದವರಿಗೆ ಒಳಗೇ ಏನೇನೋ ಸದ್ದು ಹುಟ್ಟುತ್ತದಂತೆ. ಅದಕ್ಕೇ ಹತ್ತಿರ ಹೋಗಿ ಕೂಗಿ ಕೇಳಿದೆ, ಯಾವ ಕಿವಿಯಲ್ಲಿ ಎಂದು.

"ಎಡಗಿವೀಲಿ," ಎಂದರು. ಹೇಳಿದ ಮೇಲೆ ಅವರಿಗೂ ಆಶ್ಚರ್ಯವಾಯಿತು. ಎಡಗಿವಿಯ ಮೇಲೆ ಅಂಗೈ ಇಟ್ಟು ಮುಚ್ಚಿದರು, ತೆಗೆದರು, ಮತ್ತೆ ಮುಚ್ಚಿದರು. "ಎಷ್ಟು ಚೆನ್ನಾಗಿ ಕೇಳ್ತದೆ."

ನನಗೆ ಭಯವಾಗಬೇಕಿತ್ತು. ಆಗಲಿಲ್ಲ. ಆವತ್ತು ಇವರು ಮನೆ ಸೇರುವವರೆಗೂ ಮಾತಾಡಿದರು. ಅದು ಹಳೆಯ ಮಗ್ಗ, ಬೆಲ್ಟು ಸಡಿಲವಾಗಿದೆ, ಓಡಿಸುವವನಿಗೆ ಅವಸರ ಎಂದೆಲ್ಲ ವಿವರಿಸಿದರು. ಎರಡು ರೋಶಿ ಹೆಚ್ಚು ತಿಂದರು. ಮಾತಾಡಿದರಲ್ಲ, ಅಷ್ಟೇ ನನಗೆ ಬೇಕಿದ್ದದ್ದು. ಮಾರನೆಯ ದಿನ ನಾನೇ, "ರೀ, ಮಗ್ಗ ಓಡ್ತಾ ಇದೆಯಾ ನೋಡೋಣ ನಡೀರಿ," ಎಂದು ಕರೆದುಕೊಂಡು ಹೋದೆ.

ದೋಣಿ

ಹಸನ್ ಒಂದು ದಿನ ನಮ್ಮನ್ನು ದೋಣಿಯಲ್ಲಿ ಸುತ್ತಿಸಿದ. ನೀರು ಗಾಜಿನಂತೆ. ಕೆಳಗೆ ಹವಳದ ಗುಡ್ಡ, ಅದರ ಮೇಲೆ ನಮ್ಮ ದೋಣಿಯ ನೆರಳು ತೆವಳುತ್ತಿತ್ತು. ನೆರಳಿನಲ್ಲಿ ನಮ್ಮ ಮೂವರ ತಲೆಗಳು. ಬಗ್ಗಿ ನೋಡುತ್ತ ನನಗೆ ತಲೆ ತಿರುಗಿದಂತಾಗಿ ಹಿಂದಕ್ಕೆ ಒರಗಿದೆ. ಸೀರೆಯ ಸೆರಗು ನೀರಿಗೆ ಬಿದ್ದು ಒದ್ದೆಯಾಗಿತ್ತು. ಹಿಂಡುವಾಗ ಹಸನ್ ಮೊದಲ ಸಲ ನಕ್ಕ. ಸೆರಗಿನ ಬಲೆಗೆ ಮೀನು ಸಿಕ್ಕಿದ್ದರೆ ಅರ್ಧ ತನಗೆ ಎಂದ.

ವಾಪಸ್ಸು ಬರುವಾಗ ಎದುರಿನ ದ್ವೀಪದ ಹಿಂಬದಿಯಲ್ಲಿ ಹಾಯಬೇಕಾಯಿತು. ಅಲ್ಲಿಗೆ ಬರುತ್ತಿದ್ದಂತೆ ಹಸನ್ ನಗು ನಿಲ್ಲಿಸಿ ನನ್ನ ಕೈಗೆ ಒಂದು ಹಗ್ಗ ಕೊಟ್ಟು ಸುತ್ತಿಡಲು ಹೇಳಿದ. ತಾನು ಒಂದು ತಗಡಿನ ಡಬ್ಬಿಯಿಂದ ದೋಣಿಯ ಅಂಚನ್ನು ಟಕ್ ಟಕ್ ಎಂದು ಬಡಿಯತೊಡಗಿದ. ಇವರ ಕೈಗೂ ಬಲೆಯ ತುಂಡೊಂದನ್ನು ಕೊಟ್ಟು ಬಿಡಿಸಿ ಎಂದ. ಇವರು ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ತೋಪಿನ ಕಡೆ ತಿರುಗಿ ಕೂತರು. ಹಸನ್ ಮತ್ತೆ ಮತ್ತೆ ಹೇಳಿದ. ಬೇಡುವ ದನಿಯಲ್ಲಿ ಹೇಳಿದ. ಇವರು ಕೇಳಿಸಿಕೊಳ್ಳಲಿಲ್ಲ.

"ಒಂದು ಎಳೆ ಕಿತ್ತೋಗಿದೆ," ಎಂದರು ನನಗೆ. "ಆದ್ರೂ ಓಡುಸ್ತಾನೇ ಅವ್ರೆ. ಬಟ್ಟೆಯೆಲ್ಲ ಹಾಳು. ಯಾರಾದ್ರೂ ಹೋಗಿ ನಿಲ್ಲುಸ್ಬೇಕು."

ಬೇರೆಯವರ ಮನೆಯ ಮಗ್ಗವಾದರೂ ಸರಿ, ಎಳೆ ಕಿತ್ತ ಸದ್ದು ಕೇಳಿದರೆ ನೇಕಾರ ಕೂತಲ್ಲಿ ಕೂರಲಾರ. ನಮ್ಮ ಬೀದಿಯಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರು ಕೂಡ ಆ ಸದ್ದು ಕೇಳಿದರೆ ಒಬ್ಬರ ಶೆಡ್ಡಿಗೆ ಒಬ್ಬರು ನುಗ್ಗಿ ಮಗ್ಗ ನಿಲ್ಲಿಸಿ ಬಂದದ್ದನ್ನು ನೋಡಿದ್ದೇನೆ. ದೋಣಿಯಲ್ಲಿ ಕೂತು ಇವರ ಮುಖ ನೋಡಿದಾಗ ನನಗೆ ಮೊದಲ ಸಲ ಭಯವಾಯಿತು. ಆ ಮುಖದಲ್ಲಿ ಕಳೆ ಬಂದಿತ್ತು. ಆ ಕಳೆ ನನಗಾಗಿ ಬಂದದ್ದಲ್ಲ.

ಮನೆಗೆ ಬಂದವಳೇ ದತ್ತಾಳಿಗೆ ಎಲ್ಲ ಹೇಳಿದೆ. ಅವಳು ಕಾಯಿ ತುರಿಯುತ್ತಿದ್ದಳು. ತುರಿಯುವ ಕೈ ನಿಲ್ಲಿಸದೆಯೇ, ತಲೆ ಎತ್ತದೆಯೇ ಕೇಳಿಸಿಕೊಂಡಳು. ಆಮೇಲೆ ನಿಧಾನವಾಗಿ ಅವಳು ಹೇಳಿದ್ದು ಇಷ್ಟು.

ಅವಳು ಚಿಕ್ಕವಳಿದ್ದಾಗ ಊರಿನ ಹೆಂಗಸರು ಆ ದ್ವೀಪದಲ್ಲಿ ನಾರು ಮಾಡುತ್ತಿದ್ದರು. ತೆಂಗಿನಕಾಯಿ ಮಟ್ಟೆಯನ್ನು ಕಡಲಂಚಿನ ಕೆಸರಿನಲ್ಲಿ ವಾರಗಟ್ಟಲೆ ಹೂತಿಟ್ಟು, ಕೊಳೆತು ಕಪ್ಪಾದ ಮೇಲೆ ತೆಗೆದು, ಕಲ್ಲಿನ ಮೇಲಿಟ್ಟು ಕೊಡತಿಯಿಂದ ಬಡಿದು ನಾರು ಬಿಡಿಸುವುದು. ಇಳಿತದಲ್ಲಿ ನಡೆದು ಹೋಗಿ ಏರುವ ಮುಂಚೆ ಬರುವುದು ರೂಢಿ. ಒಂದು ಮಧ್ಯಾಹ್ನ ಗಾಳಿಯಿಲ್ಲ, ಮಳೆಯಿಲ್ಲ, ಸಮುದ್ರ ತಾನಾಗಿ ಎದ್ದು ಬಂತು. ಬಡಿಯುವ ಸದ್ದಿನಲ್ಲಿ ನೀರಿನ ಸದ್ದು ಅವರಿಗೆ ಕೇಳಿಸಲಿಲ್ಲ. ದತ್ತಾಳ ಅಕ್ಕನೂ ಅಲ್ಲಿದ್ದಳು. ಯಾರೂ ಸಿಗಲಿಲ್ಲ. ಹೂತಿಟ್ಟ ಮಟ್ಟೆ ರಾಶಿರಾಶಿ ಹಾಗೇ ಉಳಿಯಿತು.

"ಅಷ್ಟು ಕೆಲಸಕ್ಕೆ ಅವರಿಗೆ ಕೈ ಸಾಲದು," ಎಂದಳು ದತ್ತಾ. "ಅದಕ್ಕೆ ಕರೆಯುತ್ತಾರೆ. ಕೆಲಸದಲ್ಲಿರುವವರನ್ನು ಕರೆಯುವುದಿಲ್ಲ. ಕೈ ಖಾಲಿ ಇದ್ದವರನ್ನು ಮಾತ್ರ."

ಒಬ್ಬೊಬ್ಬರಿಗೆ ಒಂದೊಂದು ಸದ್ದು ಕೇಳುತ್ತದಂತೆ, ಅವರವರು ಬಿಟ್ಟ ಕೆಲಸದ ಸದ್ದು. ಊರಿನ ಹಳೆಯ ಬಡಗಿಯೊಬ್ಬನಿಗೆ ಬಾಚಿಯ ಸದ್ದು ಕೇಳಿತ್ತು. ಅವನೂ ಇಲ್ಲ. ಇನ್ನೊಂದು ಮಾತನ್ನು ಅವಳು ನನ್ನ ಮೊಣಕೈ ಹಿಡಿದು ಹೇಳಿದಳು: ಆ ಕಡೆಗೆ ಮುಖ ಮಾಡಿ ಯಾರ ಹೆಸರನ್ನೂ ಹೇಳಬೇಡ. ಕೇಳಿಸಿಕೊಂಡರೆ ಮರೆಯುವುದಿಲ್ಲ.

ಸಂಜೆ ಅವಳೇ ಇವರ ಮುಂದೆ ಒಂದು ಹೊರೆ ನಾರು ತಂದು ಹಾಕಿ ಹುರಿ ಹೊಸೆಯಲು ತೋರಿಸಿಕೊಟ್ಟಳು. ಇವರು ಮರ್ಯಾದೆಗೆ ಎರಡು ಮಾರು ಹೊಸೆದು ಪಕ್ಕಕ್ಕಿಟ್ಟರು. "ಇದು ನನ್ನ ಕೆಲ್ಸ ಅಲ್ಲ ಕಣೆ. ಹೊತ್ತು ಕಳೆಯೋಕೆ ಕೊಟ್ಟಿರೋದು," ಎಂದರು.

ಮಧ್ಯಾಹ್ನ

ಮಾರನೆಯ ದಿನ ಊಟವಾದ ಮೇಲೆ ನಾನು ಉಯ್ಯಾಲೆ ಮಂಚದಲ್ಲಿ ಕೂತು ಇವರನ್ನು ಎದುರಿನ ಕುರ್ಚಿಯಲ್ಲಿ ಕೂರಿಸಿಕೊಂಡಿದ್ದೆ. ಕಾಯಬೇಕು ಎಂದೇ ಕೂತದ್ದು. ಹಿತ್ತಲಿನಲ್ಲಿ ದತ್ತಾಳ ಕೊಡತಿ ಒಂದೇ ಸಮನೆ ಬಡಿಯುತ್ತಿತ್ತು. ಮಗ್ಗದ ಸದ್ದಿನಲ್ಲಿ ಮಗುವನ್ನು ಮಲಗಿಸಿದವಳಿಗೆ ಆ ಬಡಿತ ಜೋಗುಳವಾಯಿತು. ಕಣ್ಣು ಮುಚ್ಚಿದ್ದು ಗೊತ್ತಾಗಲಿಲ್ಲ.

ಎಚ್ಚರವಾದಾಗ ಕುರ್ಚಿ ಖಾಲಿ. ಬಿಸಿಲು ಬೆಳ್ಳಗೆ ಸುರಿಯುತ್ತಿತ್ತು. ಓಡಿದೆ. ಕಡಲಂಚಿನಲ್ಲಿ ಇವರ ಚಪ್ಪಲಿ, ಗುಡಿಯ ಹೊರಗೆ ಬಿಟ್ಟ ಹಾಗೆ ಜೋಡಿಸಿ ಬಿಟ್ಟಿದ್ದರು. ಒದ್ದೆ ಮರಳಿನಲ್ಲಿ ಹೆಜ್ಜೆಗಳು ನೇರವಾಗಿ ನೀರಿಗೆ ಇಳಿದಿದ್ದವು. ಇವರು ಆಗಲೇ ಆಚೆ ದಡ ಹತ್ತಿ ತೋಪಿನ ನೆರಳಿನೊಳಗೆ ಕಾಲಿಡುತ್ತಿದ್ದರು. ಬಿಳಿ ಬನಿಯನ್ನು ಒಂದು ಸಲ ಕಂಡಿತು, ಮರಗಳ ಮಧ್ಯೆ ಮರೆಯಾಯಿತು. ನೀರು ಏರಲು ಶುರುವಾಗಿತ್ತು.

ಹಸನ್ ದೊಡ್ಡ ದೋಣಿ ತೆಗೆದುಕೊಂಡು ಮೀನಿಗೆ ಹೋಗಿದ್ದ. ದತ್ತಾ ಕೈಯಲ್ಲಿ ಕೊಡತಿ ಹಿಡಿದೇ ಬಂದವಳು ದಡದಲ್ಲಿದ್ದ ಪುಟ್ಟ ಹುಟ್ಟುದೋಣಿಯನ್ನು ನೀರಿಗೆ ತಳ್ಳಿದಳು. ಆಪರೇಷನ್ ಆದ ಮಂಡಿಯನ್ನು ಮಡಿಸಲಾಗದೆ ಕಾಲು ಚಾಚಿ ಕೂತು ಹುಟ್ಟು ಹಾಕಿದಳು. ಸೆಳೆತ ನಮ್ಮನ್ನು ಪಕ್ಕಕ್ಕೆ ಎಳೆಯುತ್ತಿತ್ತು. ನಡುನೀರಿಗೆ ಬರುವಷ್ಟರಲ್ಲಿ ಅವಳಿಗೆ ಏದುಸಿರು. ಇದಕ್ಕಿಂತ ಮುಂದೆ ತಾನು ಬರಲಾರೆ ಎಂದು ತಲೆಯಾಡಿಸಿದಳು. ಹುಟ್ಟನ್ನು ಹವಳದ ಸಂದಿಗೆ ಚುಚ್ಚಿ ದೋಣಿಯನ್ನು ಅಲ್ಲೇ ಹಿಡಿದು ನಿಲ್ಲಿಸಿದಳು.

ನಾನು ಎದ್ದು ನಿಂತು ಕೂಗಿದೆ. "ರೀ!" ಎಂದೆ. "ರೀ, ಬನ್ರೀ!" ಎಂದೆ. ಆ ತೋಪಿಗೆ ಅದು ಯಾರನ್ನು ಕರೆದಂತಾಯಿತೋ. ಇವರ ಬಲಗಿವಿಗೆ ಅಷ್ಟು ದೂರದಿಂದ ಏನು ಕೇಳಿಸೀತು? ನಮ್ಮಲ್ಲಿ ಗಂಡನ ಹೆಸರು ಹೇಳುವ ರೂಢಿಯಿಲ್ಲ. ಓಟರ ಪಟ್ಟಿಯವರು ಬಂದರೂ ಮಗಳನ್ನು ಮುಂದೆ ಬಿಟ್ಟು ಹೇಳಿಸುತ್ತಿದ್ದೆ. ಆ ಹೊತ್ತಿನಲ್ಲಿ ಮಾತ್ರ ಆ ಹೆಸರು ನಾಲಗೆಯ ತುದಿಗೆ ತಾನಾಗಿ ಬಂತು. ದತ್ತಾ ನನ್ನ ಮುಖ ನೋಡಿಯೇ ಅರ್ಥ ಮಾಡಿಕೊಂಡು ಸೆರಗು ಹಿಡಿದು ಜಗ್ಗಿದಳು. "ಸಾಕು," ಎಂದಳು, ಕನ್ನಡದಲ್ಲಿ. ಹೆಸರು ನುಂಗಿಕೊಂಡೆ.

ಆಗ ನನಗೂ ಕೇಳಿಸಿತು. ಮೊದಲು ಎದೆಬಡಿತ ಎಂದುಕೊಂಡೆ. ಅಲ್ಲ. ತೋಪಿನ ಒಳಗಿನಿಂದ ಖಟಕ್ ಖಟಕ್ ಎಂದು ಮಗ್ಗ ಓಡುತ್ತಿತ್ತು. ನಮ್ಮ ಮನೆಯ ಬಾಗಿಲ ಪಕ್ಕದ ಮಗ್ಗ. ಅದರದ್ದು ಒಂದು ಪೆಟ್ಟು ಜೋರು, ಒಂದು ಪೆಟ್ಟು ಮೆಲ್ಲಗೆ. ಅದನ್ನು ಸೇಲಂ ಕಡೆಯವರು ಲಾರಿಗೆ ಹಾಕಿಕೊಂಡು ಹೋದದ್ದನ್ನು ನಾನೇ ನಿಂತು ನೋಡಿದ್ದೆ.

ದತ್ತಾಳ ಕಾಲ ಬಳಿ ಬಿದ್ದಿದ್ದ ಕೊಡತಿ ಎತ್ತಿಕೊಂಡೆ. ದೋಣಿಯ ಹಲಗೆಯ ಮೇಲೆ ಬಡಿಯತೊಡಗಿದೆ. ಮಗ್ಗದ ಗತಿ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅದು ನನ್ನ ಮೂಳೆಯಲ್ಲಿದೆ. ತೋಪಿನ ಸದ್ದಿನ ಜೊತೆಗೇ ನನ್ನ ಪೆಟ್ಟೂ ಓಡಿತು. ಜೊತೆಗೆ ಓಡಿದರೆ ಏನು ಉಪಯೋಗ ಎಂದು ಹೊಳೆಯಿತು. ಅಲ್ಲಿ ಕಿತ್ತಿರುವುದು ಒಂದು ಎಳೆ. ಅದಕ್ಕಿಂತ ದೊಡ್ಡ ಅನಾಹುತ ಎಂದರೆ ಅಡ್ಡನೂಲು ಹೊತ್ತು ಓಡುವ ಲಾಳಿ ಹಾಸಿನ ಉದ್ದ ಎಳೆಗಳ ನಡುವೆ ಸಿಕ್ಕಿಹಾಕಿಕೊಳ್ಳುವುದು. ಸಾವಿರಾರು ಎಳೆ ಒಂದೇ ಸಲ ಹೋಗುತ್ತವೆ. ಆ ಸದ್ದೂ ನನಗೆ ಗೊತ್ತು. ಎರಡು ಪೆಟ್ಟು ಸರಿಯಾಗಿ ಹಾಕಿ ಮೂರನೆಯದನ್ನು ಬಿಟ್ಟೆ. ಮತ್ತೆ ಒಂದು ಪೆಟ್ಟು, ಬಿಟ್ಟೆ. ಆಮೇಲೆ ಹಲಗೆ ಸೀಳಿಹೋಗುವ ಹಾಗೆ ಒಂದೇ ಕಡೆ ಬಡಿದೆ.

ತೋಪಿನ ಅಂಚಿನಲ್ಲಿ ಬಿಳಿ ಬನಿಯನ್ನು ಕಾಣಿಸಿತು.

ಇವರು ನೀರಿಗೆ ಇಳಿದರು. ನೀರು ಸೊಂಟ ದಾಟಿ ಎದೆಗೆ ಬಂದಾಗಲೂ ಮುಖ ಗಂಟಿಕ್ಕಿಕೊಂಡೇ ಬರುತ್ತಿದ್ದರು. ಕೈಗೆ ಸಿಗುವಷ್ಟು ಹತ್ತಿರ ಬಂದು ನನ್ನನ್ನೇ ದುರುಗುಟ್ಟಿ ನೋಡಿ, "ಲಾಳಿ ಸಿಕ್ಕಾಕೊಂಡೈತೆ, ಕೇಳುಸ್ತಿಲ್ವಾ ನಿಂಗೆ? ನಿಲ್ಸೇ ಮೊದ್ಲು," ಎಂದು ಗದರಿದರು. ಅವರ ಎರಡು ತೋಳನ್ನೂ ಹಿಡಿದು ದೋಣಿಗೆ ಎಳೆದುಕೊಳ್ಳುವವರೆಗೆ ನಾನು ಬಡಿಯುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದಾಗ ತೋಪಿನ ಸದ್ದೂ ನಿಂತಿತ್ತು.

ದತ್ತಾ ಮೊದಲು ನೋಡಿದ್ದು ಅವರ ಕೈಗಳನ್ನು. ಎದೆಮಟ್ಟದ ನೀರಿನಲ್ಲಿ ಬಂದಿದ್ದರೂ ಅಂಗೈ ಕಪ್ಪಗೆ ಮೆತ್ತಿಕೊಂಡಿತ್ತು. ಕೊಳೆತ ಮಟ್ಟೆಯ ನಾತ. ಬೆರಳಿನ ಸಂದಿಯಲ್ಲಿ ನಾಲ್ಕೈದು ಒದ್ದೆ ನಾರು. ಅವಳು ಒಂದೊಂದನ್ನೇ ಕಿತ್ತು ನೀರಿಗೆ ಹಾಕಿದಳು. ಮರಳಿನಿಂದ ಉಜ್ಜಿ ಉಜ್ಜಿ ಕೈ ತೊಳೆಸಿದಳು. ತೊಳೆಸುವಾಗ ಅವಳು ಅಳುತ್ತಿದ್ದಳೋ ಬೆವರೋ ಗೊತ್ತಾಗಲಿಲ್ಲ.

ಮನೆ

ಉಳಿದ ದಿನಗಳಲ್ಲಿ ಇವರನ್ನು ಒಂದು ಗಳಿಗೆಯೂ ಖಾಲಿ ಬಿಡಲಿಲ್ಲ. ಮೊದಲು ನಮ್ಮ ಅಂಗಳದ ಬಲೆಕುರ್ಚಿಯೊಂದು ಸಡಿಲವಾಗಿದೆ ಎಂದು ನಾನೇ ಹಗ್ಗ ಕಿತ್ತುಹಾಕಿದೆ. ಬಿಚ್ಚಿದ ನೇಯ್ಗೆಯನ್ನು ನೋಡಿಕೊಂಡು ಇವರು ಸುಮ್ಮನಿರಲಾರರಲ್ಲ. ಅದು ಮುಗಿಯುವಷ್ಟರಲ್ಲಿ ಸುದ್ದಿ ಊರೆಲ್ಲ ಹರಡಿ, ಒಬ್ಬೊಬ್ಬರೇ ಕುರ್ಚಿ ಹೊತ್ತು ತಂದರು. ಒಬ್ಬಾಕೆ ತನ್ನ ಚೆನ್ನಾಗಿದ್ದ ಕುರ್ಚಿಯನ್ನೇ ಹರಿದುಕೊಂಡು ತಂದಿದ್ದಳು. ಹಗ್ಗ ಎಳೆದು ಬಿಗಿಯುತ್ತ, ಸರಿಯಾಗಿ ಹಿಡಿಯಲಿಲ್ಲವೆಂದು ಹಸನ್‌ನನ್ನು ಕನ್ನಡದಲ್ಲೇ ಬೈಯುತ್ತ ಇವರು ಕೂತಿದ್ದರೆ ನನಗೆ ಹಳೆಯ ಮನುಷ್ಯ ಕಂಡರು. ಜೆಟ್ಟಿಯಲ್ಲಿ ಬೀಳ್ಕೊಡುವಾಗ ದತ್ತಾ ನನ್ನನ್ನು ಅಪ್ಪಿಕೊಂಡಳು. ನಮ್ಮಲ್ಲಿ ಹೋಗಿ ಬನ್ನಿ ಎನ್ನುತ್ತೇವೆ. ಅವಳು ಬನ್ನಿ ಎನ್ನಲಿಲ್ಲ.

ಈಗ ಇವರು ಷಡ್ಡಕರ ಶೆಡ್ಡಿಗೆ ದಿನಾ ಹೋಗುತ್ತಾರೆ. ಕಿವಿಗೆ ಹತ್ತಿ ಇಟ್ಟುಕೊಂಡು, ಮಗ್ಗದಿಂದ ದೂರ, ಒಳಗಿನ ಕೋಣೆಯಲ್ಲಿ ಕೂತು ಹೊಸ ಹಾಸಿನ ಎಳೆಗಳನ್ನು ಹಳೆಯದಕ್ಕೆ ಗಂಟು ಹಾಕಿ ಕೊಡುತ್ತಾರೆ. ಸಂಜೆ ಹಸಿದುಕೊಂಡು ಬರುತ್ತಾರೆ, ಸಾರಿಗೆ ಉಪ್ಪು ಕಡಿಮೆ ಎಂದು ಜಗಳ ಆಡುತ್ತಾರೆ. ಸವಿತಳಿಗೆ ಹಿಗ್ಗೋ ಹಿಗ್ಗು. ಟಿಕೆಟ್ಟು ಮಾಡಿದವಳು ತಾನೇ ಎಂದು ಬಂದವರಿಗೆಲ್ಲ ಹೇಳುತ್ತಾಳೆ. ಬೀದಿಯವರೂ ಸಮುದ್ರದ ಗಾಳಿ ಒಳ್ಳೆಯದು ಎನ್ನುತ್ತಾರೆ. ಎಡಗಿವಿ ಮಾತ್ರ ಮೊದಲಿನ ಹಾಗೇ, ಏನೂ ಕೇಳುವುದಿಲ್ಲ.

ಆ ಮಧ್ಯಾಹ್ನದ ಬಗ್ಗೆ ನಾನು ಕೇಳಿರಲಿಲ್ಲ. ಅವರೂ ಹೇಳಿರಲಿಲ್ಲ. ಹೋದ ವಾರ ಇಬ್ಬರೂ ಕೂತು ಅವರೆಕಾಯಿ ಸುಲಿಯುವಾಗ ತಾವಾಗಿ ಹೇಳಿದರು. ಅಲ್ಲಿ ಮಗ್ಗ ಇರಲಿಲ್ಲವಂತೆ. ಹೆಂಗಸರು ಸಾಲಾಗಿ ಕೂತಿದ್ದರಂತೆ. ಇವರಿಗೆ ಜಾಗ ಬಿಟ್ಟುಕೊಟ್ಟರಂತೆ. ಒಬ್ಬಳು ಪಕ್ಕಕ್ಕೆ ಸರಿದು ಕೈಗೆ ಮಟ್ಟೆ ಕೊಟ್ಟು ಮಾತಾಡಿಸಿದಳಂತೆ. ದತ್ತಾ ಹೇಳಿದ ಕಥೆಯನ್ನು ನಾನು ಇವರ ಕಿವಿಗೆ ಹಾಕಿದವಳೇ ಅಲ್ಲ.

ಯಾವ ಭಾಷೆಯಲ್ಲಿ ಮಾತಾಡಿಸಿದಳು ಎಂದೆ.

"ನಮ್ಮ ಮಾತಲ್ಲೇ. ನಿಮ್ಮಮ್ಮ ಮಾತಾಡ್ತಿದ್ರಲ್ಲ, ಹಂಗೇ. ಒಬ್ರೇ ಬಂದ್ರಾ, ಮನೇಲಿ ಇನ್ಯಾರವ್ರೆ ಅಂತ ಕೇಳಿದ್ಳು."

"ನೀವೇನಂದ್ರಿ?"

"ನಿನ್ನ ಹೆಸ್ರು ಹೇಳ್ದೆ," ಎಂದರು. ನನ್ನ ಮುಖ ನೋಡಿ, "ಯಾಕೆ, ಕೇಳಿದ್ರೆ ಹೇಳ್ಬಾರ್ದಾ?" ಎಂದು ಮತ್ತೊಂದು ಹಿಡಿ ಕಾಯಿ ಎಳೆದುಕೊಂಡರು.

ಗಂಡಸರಿಗೆ ಹೆಂಡತಿಯ ಹೆಸರು ಹೇಳಲು ನಮ್ಮಲ್ಲಿ ಯಾವ ಅಡ್ಡಿಯೂ ಇಲ್ಲ. ಸಂತೆಯ ಮಧ್ಯದಲ್ಲಿ ನಿಂತು ಕೂಗುತ್ತಾರೆ. ಅವರದು ತಪ್ಪು ಎಂದು ಹೇಗೆ ಹೇಳಲಿ. ಅವರ ಹೆಸರನ್ನು ನಾನು ಇಲ್ಲೂ ಬರೆದಿಲ್ಲ, ನೀವು ಗಮನಿಸಿರಬಹುದು. ನನ್ನದನ್ನೂ ಬರೆಯುವುದಿಲ್ಲ. ಒಂದು ಸಲ ಹೇಳಿದ್ದೇ ಸಾಕಷ್ಟಾಯಿತು.

ಊಟವಾದ ಮೇಲೆ ಮಲಗುವುದನ್ನು ಬಿಟ್ಟಿದ್ದೇನೆ. ಇವರು ಶೆಡ್ಡಿಗೆ ಹೋದ ಮೇಲೆ ಮನೆಯಲ್ಲಿ ನಾನೊಬ್ಬಳೇ. ಅಕ್ಕಿ ಆರಿಸುತ್ತೇನೆ, ಬತ್ತಿ ಹೊಸೆಯುತ್ತೇನೆ, ಚೆನ್ನಾಗಿರುವ ಸೀರೆಯ ಅಂಚನ್ನು ಬಿಚ್ಚಿ ಮತ್ತೆ ಹೊಲಿಯುತ್ತೇನೆ. ಇದನ್ನೂ ಮಧ್ಯಾಹ್ನಗಳಲ್ಲೇ ಬರೆದದ್ದು. ಬರೆಯುವುದನ್ನು ಆ ತೋಪಿನವರು ಕೆಲಸ ಎಂದು ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲ. ಅದಕ್ಕೇ ಪೆನ್ನು ಕೆಳಗಿಡುವ ಮುಂಚೆ ಎಡಗೈಯಲ್ಲಿ ಕಟ್ಟಬೇಕಾದ ಕನಕಾಂಬರದ ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡಿದ್ದೇನೆ.